ಕಡಲ ಜಗಳಕ್ಕೆ ಸಾಕ್ಷಿ ಯಾರು?

1697ರ ಸೆಪ್ಟೆಂಬರ್ ಮೊದಲ ವಾರ. ಕಾರವಾರದ ಕೊಲ್ಲಿಯಲ್ಲಿ 34 ತೋಪುಗಳ ಹಡಗೊಂದು ಬಂದು ಲಂಗರು ಹಾಕಿತು. ಹೆಸರು ‘ಅಡ್ವೆಂಚರ್ ಗ್ಯಾಲಿ’, ಕಪ್ತಾನ ವಿಲಿಯಂ ಕಿಡ್. ಈಸ್ಟ್ ಇಂಡಿಯಾ ಕಂಪನಿಯ ಕಾರವಾರ ಕೋಠಿಯಿಂದ ಹಾರ್ವೆ ಮತ್ತು ಮೇಸನ್ ಎಂಬಿಬ್ಬರು ಆ ಹಡಗಿಗೆ ಹೋದರು. ಅದಕ್ಕೆ ಕೆಲವೇ ದಿನ ಮೊದಲು ಕಿಡ್ ಕರಾವಳಿಯಲ್ಲಿ ಒಂದು ಸಣ್ಣ ವ್ಯಾಪಾರಿ ಹಡಗನ್ನು ತಡೆದು ದೋಚಿದ್ದ. ಅದರ ಕಪ್ತಾನ ಪಾರ್ಕರನನ್ನು ದಾರಿ ತೋರಿಸಲಿಕ್ಕೆಂದೂ, ಡಾನ್ ಆಂಟೋನಿಯೊ ಎಂಬ ಪೋರ್ಚುಗೀಸನನ್ನು ದುಭಾಷಿಯ ಕೆಲಸಕ್ಕೆಂದೂ ಎತ್ತಿಕೊಂಡು ಬಂದಿದ್ದ. ಅವರಿಬ್ಬರನ್ನು ಬಿಟ್ಟುಕೊಡಿ ಎಂಬುದು ಕೋಠಿಯವರ ಬೇಡಿಕೆ. ಅಂಥವರು ಯಾರೂ ನನ್ನ ಹಡಗಿನಲ್ಲಿ ಇಲ್ಲ ಎಂದುಬಿಟ್ಟ ಕಿಡ್. ಆ ಮಾತು ನಡೆಯುವಾಗ ಪಾರ್ಕರನೂ ಆಂಟೋನಿಯೊನೂ ಅದೇ ಹಡಗಿನ ತಳದ ಸರಕುಕೋಣೆಯಲ್ಲಿ ಬಂದಿಗಳಾಗಿ ಕುಳಿತಿದ್ದರು.

ಇದು ನಮಗೆ ತಿಳಿದದ್ದು ಹೇಗೆ? ನಾಲ್ಕು ವರ್ಷದ ನಂತರ, 1701ರ ಮೇ ತಿಂಗಳಲ್ಲಿ, ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಆ ಹಡಗಿನ ವೈದ್ಯ ರಾಬರ್ಟ್ ಬ್ರಾಡಿನ್‌ಹ್ಯಾಮ್ ಹೇಳಿದ್ದರಿಂದ. ಕಾರವಾರದ ಕೊಲ್ಲಿಯಲ್ಲಿ ನಡೆದದ್ದು ಅವನ ಬಾಯಿಂದ ಬಂದು, ಬರೆದುಕೊಳ್ಳುವವರ ಕೈಗೆ ಸಿಕ್ಕಿ, ಅಚ್ಚಾಗಿ ಉಳಿಯಿತು. ಆದರೆ ಹೇಳಿದವನು ಯಾರು? ಲೂಟಿಯಲ್ಲಿ ಪಾಲು ತಿಂದವನು; ತಾನು ಬದುಕಿಕೊಳ್ಳಲು ಸರ್ಕಾರದ ಪರ ಮಾತಾಡಲು ಬಂದವನು. ಇಂದಿನ ಪತ್ರಿಕೆಗಳ ಭಾಷೆಯಲ್ಲಿ ಮಾಫಿ ಸಾಕ್ಷಿ.

ನೆಲದ ಮೇಲಿನ ಜಗಳಕ್ಕೆ ಊರೇ ಸಾಕ್ಷಿ. ಬದು ಒತ್ತಿದರೆ ಪಕ್ಕದ ಹೊಲದವನು ನೋಡಿರುತ್ತಾನೆ, ಸಂತೆಯಲ್ಲಿ ಮಾತು ತಪ್ಪಿದರೆ ದಲಾಲಿ ಕೇಳಿರುತ್ತಾನೆ. ನಡುಗಡಲಿನಲ್ಲಿ ಹೀಗೆ ನೋಡುವ ಮೂರನೆಯವನು ಇಲ್ಲ. ಅಲ್ಲಿ ಇರುವುದು ಕಳಕೊಂಡವರು, ಕಿತ್ತುಕೊಂಡವರು ಮತ್ತು ನೀರು. ಹದಿನಾರು, ಹದಿನೇಳನೆಯ ಶತಮಾನದ ಇಂಗ್ಲಿಷ್ ವ್ಯಾಪಾರ ಕಡಲಿಗೆ ಇಳಿದಾಗ ಅದರ ನ್ಯಾಯಾಲಯಗಳನ್ನು ಕಾಡಿದ ಪ್ರಶ್ನೆ ಇದೇ: ಎರಡೇ ಪಕ್ಷಗಳಿರುವ ಕಡೆ ಸಾಕ್ಷಿ ಎಂದು ಯಾರನ್ನು ಕರೆಯುವುದು? ಅವರ ಮಾತಿಗೆ ಎಷ್ಟು ತೂಕ ಕೊಡುವುದು?

ಕಲ್ಯಾಣದಲ್ಲಿ ಬರೆದಿಟ್ಟ ನಿಯಮ

ಮನ್ನಾಏಖೇಳ್ಳಿಯ ಮೇಲೆ ಹಾದುಹೋಗುವ ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ನಿಂತವರಿಗೆ ಈ ಪ್ರಶ್ನೆ ದೂರದ್ದು ಎನಿಸಬಹುದು. ಬೀದರ್ ಜಿಲ್ಲೆಗೂ ಕಡಲಿಗೂ ಎಲ್ಲಿಯ ನಂಟು? ಆದರೆ ಸಾಕ್ಷಿಯಾಗಲು ಯಾರು ಯೋಗ್ಯರು ಎಂಬುದನ್ನು ಭಾರತದಲ್ಲಿ ಅತಿ ಕೂಲಂಕಷವಾಗಿ ಚರ್ಚಿಸಿದ ಗ್ರಂಥಗಳಲ್ಲೊಂದು ಹುಟ್ಟಿದ್ದು ಇಲ್ಲೇ, ಇಂದಿನ ಬಸವಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’, ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಅವನ ಹೆಸರು ಬೆಸೆದುಕೊಂಡಿದೆ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಹಿಂದೂ ಆಸ್ತಿ ಹಕ್ಕಿನ ಗ್ರಂಥವೆಂದೇ ಅದು ಪ್ರಸಿದ್ಧವಾಯಿತು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಸಾಲ, ಒತ್ತೆ, ಪಾಲುಗಾರಿಕೆ, ಕಳವು, ಸಾಕ್ಷಿ ಎಲ್ಲವೂ ಇವೆ.

ಅಲ್ಲಿ ಕಡಲೂ ಇದೆ. ಸಾಲದ ಬಡ್ಡಿಯ ಮಾತು ಬರುವಲ್ಲಿ, ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವನು ತಿಂಗಳಿಗೆ ನೂರಕ್ಕೆ ಹತ್ತು, ಕಡಲ ಮೇಲೆ ಹೋಗುವವನು ನೂರಕ್ಕೆ ಇಪ್ಪತ್ತು ಕೊಡಬೇಕು ಎಂದಿದೆ. ಅಸಲೇ ಮುಳುಗುವ ಭಯವಿರುವುದರಿಂದ ಬಡ್ಡಿ ದುಬಾರಿ ಎಂಬುದು ವಿಜ್ಞಾನೇಶ್ವರ ಕೊಡುವ ಕಾರಣ. ಕಡಲಿನಿಂದ ನೂರಾರು ಮೈಲಿ ಒಳಗಿದ್ದ ಕಲ್ಯಾಣದ ಪಂಡಿತನಿಗೆ ಹಡಗಿನ ವ್ಯಾಪಾರದ ಅಪಾಯದ ಲೆಕ್ಕ ಗೊತ್ತಿತ್ತು.

ವ್ಯಾಜ್ಯವನ್ನು ಸ್ಥಾಪಿಸುವ ದಾರಿ ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಅಂದರೆ ಬರಹ, ಅನುಭೋಗ ಮತ್ತು ನೋಡಿದವರ ಮಾತು. ಈ ಮೂರೂ ಇಲ್ಲದಾಗ ಮಾತ್ರ ದಿವ್ಯ, ಅಂದರೆ ದೈವದ ಪರೀಕ್ಷೆ. ಸಾಕ್ಷಿಗಳು ಕಡಿಮೆಯೆಂದರೆ ಮೂವರು ಇರಬೇಕು. ಎರಡೂ ಪಕ್ಷದವರು ಒಪ್ಪಿದರೆ ಧರ್ಮ ಬಲ್ಲ ಒಬ್ಬನೂ ಸಾಕು. ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡದಿದ್ದರೆ ಹೆಚ್ಚು ಜನರದು ಮೇಲು. ಸಂಖ್ಯೆ ಸಮವಾದರೆ ಗುಣವಂತರದು ಮೇಲು. ಗೊತ್ತಿದ್ದೂ ಬಾಯಿ ಬಿಡದವನು ಸುಳ್ಳು ಸಾಕ್ಷಿ ಹೇಳಿದವನಿಗೆ ಸಮಾನ, ಪಾಪದಲ್ಲೂ, ದಂಡದಲ್ಲೂ.

ಯಾರು ಸಾಕ್ಷಿಯಾಗಬಾರದು ಎಂಬ ಪಟ್ಟಿಯೂ ಉದ್ದವಾಗಿದೆ. ಜೂಜುಕೋರ, ಕುಡುಕ, ಖೊಟ್ಟಿ ದಾಖಲೆ ಮಾಡುವವ, ಆಪ್ತ, ವ್ಯಾಜ್ಯದಲ್ಲಿ ಹಣದ ಸಂಬಂಧ ಇರುವವ, ಜೊತೆಗಾರ, ಹಗೆ, ಕಳ್ಳ, ಬಲಾತ್ಕಾರಿ. ಅದೇ ಪಟ್ಟಿ ಹೆಂಗಸರನ್ನೂ ಹೊರಗಿಡುತ್ತದೆ; ಜಾತಿ ನೋಡಿ ಸಾಕ್ಷಿ ಹುಡುಕುತ್ತದೆ. ಆ ಭಾಗವನ್ನು ಇಂದು ಒಪ್ಪುವಂತಿಲ್ಲ. ಆದರೆ ಹಣದ ಸಂಬಂಧ, ಜೊತೆಗಾರಿಕೆ, ಹಗೆತನ ಈ ಮೂರನ್ನು ಹೆಸರು ಹಿಡಿದು ಹೇಳಿದ್ದರಲ್ಲಿ ಕಟಕಟೆಯ ಅನುಭವ ಇದೆ. ಕಳವು, ಹೊಡೆದಾಟ, ಬಲಾತ್ಕಾರದ ಪ್ರಕರಣಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು ಎಂಬ ವಿನಾಯಿತಿ ಮೂಲ ಸ್ಮೃತಿಯಲ್ಲಿದೆ. ಅಂಥ ಕೆಲಸ ಯಾರೂ ಸಾಕ್ಷಿ ಕೂಡಿಸಿಕೊಂಡು ಮಾಡುವುದಿಲ್ಲವಲ್ಲ! ಆದರೂ ವಿಜ್ಞಾನೇಶ್ವರ ಅಲ್ಲಿ ಕಡಿವಾಣ ಹಾಕುತ್ತಾನೆ: ದೋಷದಿಂದಾಗಿ ಅಸಾಕ್ಷಿಗಳಾದವರಿಗೆ ಇಲ್ಲೂ ಪ್ರವೇಶವಿಲ್ಲ, ಏಕೆಂದರೆ ಸತ್ಯ ಹೇಳದಿರುವ ಕಾರಣ ಇಲ್ಲೂ ಹಾಗೆಯೇ ಉಳಿದಿರುತ್ತದೆ.

ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಲಂಡನ್ನಿಗೆ ಹೋಗೋಣ.

ಪ್ರಶ್ನೆಪಟ್ಟಿಯ ನ್ಯಾಯಾಲಯ

ಇಂಗ್ಲೆಂಡಿನಲ್ಲಿ ಕಡಲ ವ್ಯಾಜ್ಯಗಳಿಗೆಂದೇ ಅಡ್ಮಿರಾಲ್ಟಿ ನ್ಯಾಯಾಲಯ ಇತ್ತು. ದೇಶದ ಉಳಿದ ನ್ಯಾಯಾಲಯಗಳಲ್ಲಿ ಜ್ಯೂರಿಯ ಮುಂದೆ ಬಾಯಿಮಾತಿನ ವಿಚಾರಣೆ ನಡೆದರೆ, ಇದು ನಡೆಯುತ್ತಿದ್ದದ್ದು ರೋಮನ್ ಕಾನೂನಿನ ಪದ್ಧತಿಯಲ್ಲಿ. ಸೇಂಟ್ ಪಾಲ್ಸ್ ಚರ್ಚಿನ ಪಕ್ಕದ ‘ಡಾಕ್ಟರ್ಸ್ ಕಾಮನ್ಸ್’ ಅದರ ವಕೀಲರ ನೆಲೆ. ಫಿರ್ಯಾದಿಯ ಕಡೆಯವರು ತಮ್ಮ ಆರೋಪಗಳನ್ನು ಅಂಶ ಅಂಶವಾಗಿ ಬರೆದು ಕೊಡುತ್ತಿದ್ದರು. ಸಾಕ್ಷಿದಾರನನ್ನು ಒಬ್ಬನೇ ಒಳಗೆ ಕರೆದು, ಪ್ರಮಾಣ ಮಾಡಿಸಿ, ಪ್ರತಿ ಅಂಶಕ್ಕೂ ಅವನ ಉತ್ತರ ಬರೆದುಕೊಳ್ಳಲಾಗುತ್ತಿತ್ತು. ಎದುರು ಪಕ್ಷದವರು ಎದುರಿಗೆ ಇರುವಂತಿಲ್ಲ; ಅವರೂ ತಮ್ಮ ಪ್ರಶ್ನೆಗಳನ್ನು ಬರೆದು ಕೊಡಬೇಕು. ಪಾಟೀಸವಾಲು ಕೂಡ ಕಾಗದದ ಮೇಲೆಯೇ.

ಹೇಳಿಕೆಯ ಮೊದಲಿಗೆ ಹೆಸರು, ಊರು, ಕಸುಬು, ವಯಸ್ಸು. ಕೊನೆಗೆ ರುಜು, ಬರೆಯಲು ಬಾರದವನದು ಒಂದು ಗುರುತು. ಲಂಡನ್ನಿನ ಬಂದರು ಕೇರಿಗಳಾದ ವಾಪಿಂಗ್, ರಾಟ್‌ಕ್ಲಿಫ್‌ಗಳ ನಾವಿಕರು, ಪೀಪಾಯಿ ಕಟ್ಟುವವರು, ಸರಕು ಇಳಿಸುವ ದೋಣಿಯವರು, ಹಡಗಿನ ಅಡುಗೆಯವರು ಹೀಗೆ ದಾಖಲಾಗಿದ್ದಾರೆ. ಅರಸರ ಚರಿತ್ರೆಯಲ್ಲಿ ಎಲ್ಲೂ ಸಿಗದ ಜನ ಇವರು. ಈ ಹೇಳಿಕೆಗಳ ದಪ್ಪ ಸಂಪುಟಗಳು ಇಂದಿಗೂ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಎದುರು ಪಕ್ಷದವರ ಪ್ರಶ್ನೆಗಳಲ್ಲಿ ಕೆಲವು ಮತ್ತೆ ಮತ್ತೆ ಬರುತ್ತವೆ. ನಿನ್ನ ಸಾಲ ತೀರಿಸಿದ ಮೇಲೆ ನಿನ್ನ ಆಸ್ತಿ ಎಷ್ಟು? ಇಲ್ಲಿಗೆ ಬರುವ ಖರ್ಚು ಕೊಟ್ಟವರು ಯಾರು? ಯಾರು ಗೆಲ್ಲಬೇಕೆಂದು ನಿನ್ನ ಆಸೆ? ಕಲ್ಯಾಣದ ಪಂಡಿತ ನಿಯಮ ಮಾಡಿ ಹೊರಗೆ ಹಾಕಿದ ‘ಹಣದ ಸಂಬಂಧಿ’ಯನ್ನು ಲಂಡನ್ನಿನ ವಕೀಲ ಪ್ರಶ್ನೆ ಕೇಳಿ ಬಯಲಿಗೆ ಎಳೆಯುತ್ತಿದ್ದ.

ಹೊರಗೆ ಹಾಕುವ ಸೌಕರ್ಯ ಅವನಿಗೆ ಇರಲಿಲ್ಲ ಎಂಬುದೇ ಸರಿ. ಒಂದು ಹಡಗಿನ ಕಾಳುಮೆಣಸು ನೆನೆದು ಬೂಷ್ಟು ಹಿಡಿದು ಬಂದಿತು ಅನ್ನಿ. ವ್ಯಾಪಾರಿ ಹೇಳುತ್ತಾನೆ: ಹಡಗಿನ ಹಲಗೆಯ ಸಂದು ಬಿಟ್ಟಿತ್ತು, ಮೂಟೆ ಸರಿಯಾಗಿ ಒಟ್ಟಿರಲಿಲ್ಲ, ನಷ್ಟ ಕಟ್ಟಿಕೊಡಿ. ಮಾಲೀಕ ಹೇಳುತ್ತಾನೆ: ಹಡಗು ಗಟ್ಟಿಯಾಗಿಯೇ ಇತ್ತು, ಬಿರುಗಾಳಿ ದೇವರ ಇಚ್ಛೆ, ಬಾಡಿಗೆ ಕೊಡಿ. ನೋಡಿದವರು ಯಾರು? ಹಡಗಿನ ಕೆಲಸಗಾರರು ಮಾತ್ರ. ಅಂದಿನ ನಿಯಮದಂತೆ ಸರಕಿನ ಬಾಡಿಗೆ ಬಂದರಷ್ಟೇ ನಾವಿಕರಿಗೆ ಸಂಬಳ. ಹಾಗಾಗಿ ಅವರ ಹೊಟ್ಟೆಪಾಡು ಮಾಲೀಕನ ಗೆಲುವಿಗೆ ಕಟ್ಟಿಕೊಂಡಿದೆ. ಹೀಗೆ ಕಡಲಿನ ಪ್ರತಿ ಸಾಕ್ಷಿಯೂ ಒಂದಲ್ಲ ಒಂದು ರೀತಿಯಲ್ಲಿ ಪಾಲುದಾರ. ಅಂಥವರನ್ನೆಲ್ಲ ತೆಗೆದುಹಾಕಿದರೆ ಕಟಕಟೆ ಖಾಲಿ.

ಖಾಲಿ ಕಟಕಟೆ ಎಂಥದ್ದು ಎಂಬುದಕ್ಕೆ ನಮ್ಮ ಭಟ್ಕಳದ ಕಥೆ ಇದೆ. ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಸರ್ ವಿಲಿಯಂ ಕೋರ್ಟೀನ್ ಕೂಟದವರು 1636ರಲ್ಲಿ ಕಪ್ತಾನ ಜಾನ್ ವೆಡ್ಡೆಲ್‌ನ ಹಡಗುಗಳನ್ನು ಕಳಿಸಿದರು. 1637ರಲ್ಲಿ ಆ ಹಡಗುಗಳು ಭಟ್ಕಳಕ್ಕೆ ಬಂದವು. ಪೀಟರ್ ಮಂಡಿ ಎಂಬ ಪ್ರವಾಸಿ ವ್ಯಾಪಾರಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನ ಆಸ್ಥಾನ ಕಂಡು ಬಂದ. ಕಾಳುಮೆಣಸಿಗಾಗಿ ಭಟ್ಕಳದಲ್ಲಿ ಕೋಠಿ ಶುರುವಾಯಿತು. ವೆಡ್ಡೆಲ್ ಸರಕು ತುಂಬಿಕೊಂಡು 1639ರಲ್ಲಿ ಊರಿಗೆ ಹೊರಟ. ‘ಡ್ರ್ಯಾಗನ್’, ‘ಕ್ಯಾಥರೀನ್’ ಎರಡೂ ಹಡಗು ಊರು ಸೇರಲೇ ಇಲ್ಲ. ಒಬ್ಬನೂ ಬದುಕಿ ಬಂದು ಹೀಗಾಯಿತು ಎನ್ನಲಿಲ್ಲ. ಕೋರ್ಟೀನ್ ಮನೆತನಕ್ಕೆ ಸಾಲ ಕೊಟ್ಟವರು, ಅದರ ವಾರಸುದಾರರು ತಮ್ಮ ಹಣಕ್ಕಾಗಿ ಮುಂದೆ ದಶಕಗಟ್ಟಲೆ ಅರ್ಜಿ ಬರೆಯುತ್ತಲೇ ಇದ್ದರು.

ಕೊಂದವನೇ ಸಾಕ್ಷಿ ಕೊಡಬೇಕೆ?

ಸರಕಿನ ಜಗಳಕ್ಕೆ ಕಾಗದದ ಪಾಟೀಸವಾಲು ಸಾಕಾಯಿತು. ಕಡಲ್ಗಳ್ಳತನಕ್ಕೆ ಸಾಕಾಗಲಿಲ್ಲ. ರೋಮನ್ ಪದ್ಧತಿಯಲ್ಲಿ ಮರಣದಂಡನೆ ಕೊಡಬೇಕಾದರೆ ಅಪರಾಧಿ ತಾನೇ ಒಪ್ಪಿಕೊಳ್ಳಬೇಕು, ಇಲ್ಲವೇ ನಿಷ್ಪಕ್ಷಪಾತಿಗಳು ಕಣ್ಣಾರೆ ಕಂಡಿರಬೇಕು. ಕಳ್ಳರು ಒಪ್ಪುವುದಿಲ್ಲ, ಕಂಡವರನ್ನು ಬಿಡುವುದಿಲ್ಲ. ಬದುಕಿದ ನಾವಿಕರು ವಿಚಾರಣೆ ಮುಗಿಯುವವರೆಗೆ ದಡದಲ್ಲಿ ಕಾಯುವುದಿಲ್ಲ. ಈ ದೂರುಗಳನ್ನು ಪೀಠಿಕೆಯಲ್ಲೇ ಬರೆದುಕೊಂಡು 1536ರಲ್ಲಿ ಎಂಟನೆಯ ಹೆನ್ರಿಯ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿತು. ಕಡಲಿನ ಕೊಲೆ, ದರೋಡೆಗಳನ್ನು ಇನ್ನು ಮುಂದೆ ನೆಲದ ಅಪರಾಧಗಳಂತೆಯೇ ಜ್ಯೂರಿಯ ಮುಂದೆ ವಿಚಾರಿಸಬೇಕು. ಆ ಬಾಗಿಲಿನಿಂದ ಒಳಗೆ ಬಂದವನು ಮಾಫಿ ಸಾಕ್ಷಿ: ಜೊತೆಗೇ ಇದ್ದ, ಲೂಟಿಯಲ್ಲಿ ಪಾಲು ಪಡೆದ, ಈಗ ಪ್ರಾಣಭಿಕ್ಷೆಗಾಗಿ ಬಾಯಿ ಬಿಡುವ ಮನುಷ್ಯ.

1695ರ ಸೆಪ್ಟೆಂಬರಿನಲ್ಲಿ ಈ ಬಾಗಿಲಿನ ಅಗತ್ಯ ಕಂಪನಿಗೆ ತೀವ್ರವಾಗಿ ಕಂಡಿತು. ಮೆಕ್ಕಾ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ದೋಚಿದ. ಸೂರತ್ತಿನಲ್ಲಿದ್ದ ಇಂಗ್ಲಿಷರನ್ನು ಹಿಡಿದು ಕೂಡಿಹಾಕಲಾಯಿತು. ಚಕ್ರವರ್ತಿ ಆಗ ಇದ್ದದ್ದು ದಿಲ್ಲಿಯಲ್ಲಲ್ಲ. ನಮ್ಮ ಹೆದ್ದಾರಿ ಹೋಗುವ ಸೋಲಾಪುರದ ಸೀಮೆಯಲ್ಲೇ, ಭೀಮಾ ನದಿಯ ದಂಡೆಯ ಬ್ರಹ್ಮಪುರಿಯಲ್ಲಿ, 1695ರಿಂದ 1699ರವರೆಗೆ ಅವನ ಬಿಡಾರ. ಬೀದರ್, ಕಲ್ಯಾಣಗಳನ್ನು ಅವನು 1657ರಲ್ಲೇ ಗೆದ್ದುಕೊಂಡಿದ್ದ. ಅರಬ್ಬಿ ಕಡಲಿನ ಒಂದು ದರೋಡೆಯ ದೂರು ನಮ್ಮ ಬಯಲುಸೀಮೆಯ ಗುಡಾರಕ್ಕೆ ಬಂದು ಮುಟ್ಟುತ್ತಿದ್ದ ಕಾಲ ಅದು. ಚರಿತ್ರಕಾರ ಖಾಫಿ ಖಾನ್ ಆ ದಿನಗಳಲ್ಲಿ ಮುಂಬಯಿಗೆ ಹೋಗಿ ಇಂಗ್ಲಿಷರೊಂದಿಗೆ ಮಾತಾಡಿ ಬಂದವನು. ಹಡಗಿನಲ್ಲಿ ಹೆಂಗಸರ ಮೇಲೆ ನಡೆದ ಅತ್ಯಾಚಾರದ ಸಂಗತಿ ಅವನ ಗ್ರಂಥದಲ್ಲಿದೆ.

ಲಂಡನ್ನಿನಲ್ಲಿ 1696ರ ಅಕ್ಟೋಬರಿನಲ್ಲಿ ಎವೆರಿಯ ಕೆಲವು ಸಂಗಡಿಗರ ವಿಚಾರಣೆ ನಡೆಯಿತು. ಮುಖ್ಯ ಸಾಕ್ಷಿಗಳು ಅವರದೇ ಗುಂಪಿನ ಜಾನ್ ಡ್ಯಾನ್, ಫಿಲಿಪ್ ಮಿಡಲ್ಟನ್. ಮೊದಲ ಸಲ ಜ್ಯೂರಿಯವರು ಆರೋಪಿಗಳನ್ನು ಬಿಟ್ಟುಬಿಟ್ಟರು! ಸರ್ಕಾರ ದಂಗಾಗಿ, ಬೇರೆ ಆರೋಪ ಹೊರಿಸಿ, ಬೇರೆ ಜ್ಯೂರಿಯ ಮುಂದೆ ನಿಲ್ಲಿಸಿ ಶಿಕ್ಷೆ ಕೊಡಿಸಿತು. ಮೊಗಲರಿಗೆ ತೋರಿಸಲು ಗಲ್ಲು ಬೇಕಿತ್ತು.

ಬೀವರ್ ಟೊಪ್ಪಿಗೆಯ ಬೆಲೆ

ಇಂಥ ಹೊತ್ತಿನಲ್ಲಿ ಕಿಡ್ ಕಾರವಾರಕ್ಕೆ ಬಂದದ್ದು. ಅವನ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂನ ಸನದು ಇತ್ತು: ಕಡಲ್ಗಳ್ಳರನ್ನು ಹಿಡಿ, ಶತ್ರುಗಳಾದ ಫ್ರೆಂಚರ ಹಡಗುಗಳನ್ನು ವಶಪಡಿಸಿಕೊ. ಕಳ್ಳರನ್ನು ಹಿಡಿಯಲು ಹೊರಟವನು ಕೆಂಪು ಸಮುದ್ರದ ಬಾಯಲ್ಲಿ ಮೊಕಾ ಬಂದರಿನ ವ್ಯಾಪಾರಿ ಹಡಗುಗಳಿಗೆ ಹೊಂಚು ಹಾಕಿ, ಕಾವಲಿದ್ದ ‘ಸೆಪ್ಟರ್’ ಹಡಗಿನ ಎಡ್ವರ್ಡ್ ಬಾರ್ಲೋನಿಂದ ಅಟ್ಟಿಸಿಕೊಂಡು ಇತ್ತ ಬಂದಿದ್ದ.

ಕಾರವಾರ ಸಿಕ್ಕಿದ್ದೇ ತಡ, ಅವನ ಜನ ಒಬ್ಬೊಬ್ಬರಾಗಿ ಹಡಗು ಬಿಟ್ಟು ಓಡಿದರು. ಅವರಲ್ಲಿ ನಿಕೊಲಾಸ್ ಆಲ್ಡರ್ಸನ್, ಜೊನಾಥನ್ ಟ್ರೆಡ್‌ವೇ ಎಂಬಿಬ್ಬರು ಮುಂಬಯಿ ತಲುಪಿ ಹೇಳಿಕೆ ಕೊಟ್ಟರು. ಮೂರನೆಯವನು ಬೆಂಜಮಿನ್ ಫ್ರಾಂಕ್ಸ್, ಯಹೂದಿ ರತ್ನವ್ಯಾಪಾರಿ. ಜಮೈಕಾದ ಭೂಕಂಪದಲ್ಲಿ, ಯುದ್ಧದಲ್ಲಿ ಗಂಟು ಕಳಕೊಂಡು, ಸೂರತ್ತಿನಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳಲು ನ್ಯೂಯಾರ್ಕಿನಿಂದ ಈ ಹಡಗು ಹತ್ತಿದ್ದವನು. ಮೈ ಹುಷಾರಿರಲಿಲ್ಲ. ಇಳಿಯಲು ಅಪ್ಪಣೆ ಬೇಕಿತ್ತು. ಕಪ್ತಾನನಿಗೆ ಒಂದು ಬೀವರ್ ತುಪ್ಪಳದ ಟೊಪ್ಪಿಗೆ ಉಡುಗೊರೆ ಕೊಟ್ಟು ಕಾರವಾರದ ದಡಕ್ಕೆ ಇಳಿದ. 1697ರ ಅಕ್ಟೋಬರ್ 20ರಂದು ಮುಂಬಯಿಯಲ್ಲಿ ಅವನು ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಇಂದಿಗೂ ಉಳಿದಿದೆ.

ಈ ಟೊಪ್ಪಿಗೆ ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ದೊರೆಯ ಸನದು ಹೊತ್ತ ಹಡಗಿನಲ್ಲಿ ಪ್ರಯಾಣಿಕನೊಬ್ಬ ಇಳಿದುಹೋಗಲು ಲಂಚ ಕೊಡಬೇಕಾಯಿತು ಎಂಬುದರಲ್ಲಿ ಆ ಹಡಗು ಏನಾಗಿಹೋಗಿತ್ತು ಎಂಬುದೆಲ್ಲ ಬಂತು. ಕಾರವಾರದ ಕೋಠಿಯವರು ಬರೆದ ಪತ್ರವೂ ಇದೆ. ಕಿಡ್ ಧಾಂಡಿಗ ಆಳು, ಸಣ್ಣ ಮಾತಿಗೂ ತನ್ನ ಜನರೊಂದಿಗೆ ಕೈ ಮಿಲಾಯಿಸುತ್ತಾನೆ, ಎದುರು ಮಾತಾಡಿದರೆ ಪಿಸ್ತೂಲು ತರಲು ಕೂಗುತ್ತಾನೆ, ಮಿದುಳು ಹಾರಿಸುತ್ತೇನೆ ಎನ್ನುತ್ತಾನೆ, ಹಡಗಿನವರೆಲ್ಲ ಅವನಿಗೆ ಹೆದರಿದ್ದಾರೆ ಎಂದು ಅದರಲ್ಲಿದೆ.

ಫ್ರಾಂಕ್ಸ್ ಬಹಳ ಬೆಲೆಯುಳ್ಳ ಸಾಕ್ಷಿ. ಲೂಟಿಯಲ್ಲಿ ಅವನಿಗೆ ಪಾಲಿರಲಿಲ್ಲ, ತಲೆಯ ಮೇಲೆ ಗಲ್ಲಿನ ಹಗ್ಗ ತೂಗುತ್ತಿರಲಿಲ್ಲ. ಹೇಳಿಕೆ ಕೊಟ್ಟದ್ದೂ ಘಟನೆ ಹಸಿಯಾಗಿದ್ದಾಗ. ಆದರೆ ಕಿಡ್‌ನನ್ನು ಗಲ್ಲಿಗೆ ಕಳಿಸಿದ ಹಡಗು ಸಿಕ್ಕಿದ್ದು ಅವನು ಇಳಿದುಹೋದ ಮೇಲೆ. 1698ರ ಜನವರಿ 30ರಂದು ಕೊಚ್ಚಿಯ ಆಚೆ ‘ಕ್ವೆಡಾ ಮರ್ಚೆಂಟ್’ ಎಂಬ ಸುಮಾರು 400 ಟನ್ನಿನ ಹಡಗು ಕಿಡ್‌ನ ಕೈಗೆ ಬಿತ್ತು. ಬಂಗಾಳದಿಂದ ಸೂರತ್ತಿಗೆ ರೇಷ್ಮೆ, ಮಲ್‌ಮಲ್, ಸಕ್ಕರೆ, ಅಫೀಮು ಹೊತ್ತು ಹೊರಟಿತ್ತು. ಕಪ್ತಾನ ಇಂಗ್ಲಿಷಿನವನು, ಸರಕು ಆರ್ಮೇನಿಯಾದ ವರ್ತಕರದು; ಔರಂಗಜೇಬನ ಆಸ್ಥಾನದ ಮುಖ್ಲಿಸ್ ಖಾನನ ಪಾಲೂ ಅದರಲ್ಲಿತ್ತು. ರಹದಾರಿ ಮಾತ್ರ ಫ್ರೆಂಚ್ ಕಂಪನಿಯದು. ಫ್ರೆಂಚ್ ಬಾವುಟ ಏರಿಸಿ ಮೋಸ ಮಾಡಿದ ಕಿಡ್ ಆ ರಹದಾರಿಯನ್ನು ಹೊರಗೆ ತೆಗೆಸಿದ. ಕಾಗದದ ಪ್ರಕಾರ ಅದು ಶತ್ರುವಿನ ಹಡಗು, ಅವನ ಸನದಿಗೆ ಸರಿಯಾದ ಬೇಟೆ. ಕೋಜಾ ಬಾಬಾ ಎಂಬ ಆರ್ಮೇನಿಯನ್ ವರ್ತಕ ಬಿಡುಗಡೆಗೆ 20,000 ರೂಪಾಯಿ ಕೊಡುತ್ತೇನೆಂದ. ಕಿಡ್ ಒಪ್ಪಲಿಲ್ಲ. ಲೂಟಿಯನ್ನು 160 ಪಾಲು ಮಾಡಿ 40 ತಾನಿಟ್ಟುಕೊಂಡ.

ಎರಡು ಸಾಕ್ಷಿ, ಎರಡು ಕಾಗದ

1699ರ ಜುಲೈನಲ್ಲಿ ಬಾಸ್ಟನ್‌ನಲ್ಲಿ ಸೆರೆಸಿಕ್ಕ ಕಿಡ್‌ನನ್ನು 1701ರ ಮೇ 8 ಮತ್ತು 9ರಂದು ವಿಚಾರಣೆಗೆ ನಿಲ್ಲಿಸಿದರು. ಮೊದಲ ಆರೋಪ ಕೊಲೆ: 1697ರ ಅಕ್ಟೋಬರ್ 30ರಂದು ತೋಪಿನವನಾದ ವಿಲಿಯಂ ಮೂರ್‌ನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್ಟಿನಿಂದ ಹೊಡೆದದ್ದು. ಆಮೇಲೆ ಐದು ಹಡಗುಗಳ ದರೋಡೆ. ಸರ್ಕಾರದ ವಾದ ನಿಂತದ್ದು ಇಬ್ಬರ ಮೇಲೆ: ವೈದ್ಯ ಬ್ರಾಡಿನ್‌ಹ್ಯಾಮ್ ಮತ್ತು ನಾವಿಕ ಜೋಸೆಫ್ ಪಾಮರ್. ಇಬ್ಬರೂ ಪಾಲು ಪಡೆದವರು. ಮಡಗಾಸ್ಕರಿನಲ್ಲಿ ಕಿಡ್‌ನನ್ನು ಬಿಟ್ಟುಹೋದವರು.

ಅಂದಿನ ಇಂಗ್ಲಿಷ್ ನ್ಯಾಯದಲ್ಲಿ ಆರೋಪಿಗೆ ನಡೆದ ಸಂಗತಿಯ ಬಗ್ಗೆ ವಾದಿಸಲು ವಕೀಲನಿಲ್ಲ, ಕಾನೂನಿನ ಅಂಶಕ್ಕೆ ಮಾತ್ರ. ಪ್ರಮಾಣ ಮಾಡಿ ತನ್ನ ಪರ ತಾನೇ ಸಾಕ್ಷಿ ಹೇಳುವ ಹಕ್ಕೂ ಇಲ್ಲ. ಅದು ಇಂಗ್ಲೆಂಡಿನಲ್ಲಿ ಎಲ್ಲ ಆರೋಪಿಗಳಿಗೂ ಸಿಕ್ಕಿದ್ದು 1898ರಲ್ಲಿ. ಪಾಟೀಸವಾಲನ್ನು ಕಿಡ್ ತಾನೇ ಮಾಡಬೇಕಾಯಿತು. ಫ್ರೆಂಚ್ ರಹದಾರಿಗಳನ್ನು ನೀನು ನೋಡಲಿಲ್ಲವೇ ಎಂದು ತನ್ನ ಹಳೆಯ ಸಂಗಡಿಗರನ್ನು ಕೇಳಿದ. ಅವು ಇವೆಯೆಂದು ನೀವು ಹೇಳಿದ್ದನ್ನು ಕೇಳಿದ್ದೆ, ಕಣ್ಣಿನಿಂದ ಕಂಡಿಲ್ಲ ಎಂಬ ಧಾಟಿಯ ಉತ್ತರ ಬಂತು. ಕ್ವೆಡಾ ಮರ್ಚೆಂಟಿನದೂ ಇನ್ನೊಂದು ಹಡಗಿನದೂ ಸೇರಿ ಎರಡು ರಹದಾರಿಗಳನ್ನು ಕಿಡ್ ಅಮೆರಿಕದಲ್ಲೇ ಗವರ್ನರ್ ಬೆಲ್ಲೊಮಾಂಟ್‌ನ ಕೈಗೆ ಒಪ್ಪಿಸಿದ್ದ. ನನ್ನ ಕಾಗದ ತರಿಸಿ ಎಂದು ನ್ಯಾಯಾಲಯದಲ್ಲಿ ಮತ್ತೆ ಮತ್ತೆ ಕೇಳಿದರೂ ಅವು ಬರಲಿಲ್ಲ. ಮೇ 23ರಂದು ವಾಪಿಂಗ್‌ನ ದಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ರಹದಾರಿಗಳು ಲಂಡನ್ನಿನ ಸರ್ಕಾರಿ ಪತ್ರಾಗಾರದಲ್ಲಿ ಸಿಕ್ಕಿದ್ದು 20ನೆಯ ಶತಮಾನದ ಆರಂಭದಲ್ಲಿ.

ಹಾಗೆಂದು ಕಿಡ್ ನಿರಪರಾಧಿಯೇ? ಹೌದೆನ್ನುವುದು ಕಷ್ಟ. ಪಾರ್ಕರನ ಹಡಗಿಗೆ ಯಾವ ಫ್ರೆಂಚ್ ರಹದಾರಿಯೂ ಇರಲಿಲ್ಲ. ಆ ಹಡಗಿನ ಕೆಲವರನ್ನು ಕಟ್ಟಿ ಎತ್ತಿ, ಹಣ ಎಲ್ಲಿದೆ ಎಂದು ಕತ್ತಿಯ ಮೊಗ್ಗುಲಿನಿಂದ ಬಡಿದದ್ದು ವಿಚಾರಣೆಯಲ್ಲೇ ಬಂದಿದೆ. ಆದರೆ ಸಾಕ್ಷಿ ಕೂಡಿಸಿದ ರೀತಿ ನೋಡಿ. ಲಿಖಿತ ಇದ್ದೂ ಮುಂದೆ ಬರಲಿಲ್ಲ. ಜೊತೆಗಾರರ ಬಾಯಿಮಾತು ಗೆದ್ದಿತು. ಕಲ್ಯಾಣದ ಕ್ರಮದಲ್ಲಿ ಇದು ತಲೆಕೆಳಗು.

ಕೇಳದೇ ಬಿಟ್ಟ ಪ್ರಶ್ನೆ

ಬ್ರಾಡಿನ್‌ಹ್ಯಾಮ್‌ನ ಮಾತಿನ ನಡುವೆ ಒಂದು ಘಟನೆ ಬಂದು ಹೋಗುತ್ತದೆ. ಮಲಬಾರ್ ಕಡಲಿನ ಒಂದು ದ್ವೀಪದಲ್ಲಿ ನೀರು, ಸೌದೆಗೆಂದು ಹಡಗು ನಿಂತಿತ್ತು. ಪೀಪಾಯಿ ಕಟ್ಟುವವನೊಬ್ಬ ದಡಕ್ಕೆ ಹೋದಾಗ ದ್ವೀಪದವರು ಅವನ ಕತ್ತು ಕೊಯ್ದರು. ಕಿಡ್ ಅವರ ಮನೆಗಳಿಗೆ ಬೆಂಕಿ ಇಡಿಸಿದ. ಒಬ್ಬ ದ್ವೀಪವಾಸಿಯನ್ನು ಹಿಡಿದು ಮರಕ್ಕೆ ಕಟ್ಟಿಸಿ ಗುಂಡು ಹೊಡೆಸಿದ.

ಇಷ್ಟನ್ನು ಹೇಳಿ ಸಾಕ್ಷಿ ಮುಂದಿನ ಮಾತಿಗೆ ಹೋದ. ಅಂದು ನ್ಯಾಯಾಲಯದಲ್ಲಿ ಕೊಲೆ ಎಂದು ಎಣಿಕೆಯಾದದ್ದು ತೋಪಿನವನ ಸಾವು ಒಂದೇ. ಮರಕ್ಕೆ ಕಟ್ಟಿಸಿಕೊಂಡು ಸತ್ತವನ ಹೆಸರು ಆರೋಪಪಟ್ಟಿಯಲ್ಲಿಲ್ಲ. ಅವನ ಪರ ಪ್ರಶ್ನೆ ಬರೆದು ಕೊಟ್ಟವರು ಯಾರೂ ಇರಲಿಲ್ಲ, ಅವನ ಮನೆಯವರನ್ನು ಲಂಡನ್ನಿಗೆ ಕರೆತರುವವರೂ ಇರಲಿಲ್ಲ. ದೂರದಿಂದ ಬಂದು ನ್ಯಾಯ ಕೇಳಲು ಕೋಜಾ ಬಾಬಾನಂಥ ವರ್ತಕನಿಗೆ ಸಾಧ್ಯವಾಯಿತು. ಅವನು ತನ್ನ ಸರಕಿಗಾಗಿ ಲಂಡನ್ನಿನವರೆಗೂ ಹೋಗಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. ನೀರು ತುಂಬಿಕೊಳ್ಳಲು ಬಂದವರಿಂದ ಮನೆ ಸುಡಿಸಿಕೊಂಡವರಿಗೆ ಆ ಶಕ್ತಿ ಇರಲಿಲ್ಲ.

ದೂರದ ಊರಿನ ವ್ಯಾಪಾರಿಗೆ ತನ್ನ ಪರ ಒಂದು ಮಾತಾಡುವವರು ಬೇಕು ಎಂಬುದು ಬೀದರಿನ ದಾರಿ ಕಂಡ ಸತ್ಯವೂ ಹೌದು. 1469ರ ಹೊತ್ತಿಗೆ ರಷ್ಯಾದ ಅಫಾನಾಸಿ ನಿಕಿತಿನ್ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದು, ಅಲ್ಲಿಂದ ನೆಲದಾರಿ ಹಿಡಿದ. ಜುನ್ನರಿನಲ್ಲಿ ಬಹಮನಿಗಳ ಅಧಿಕಾರಿ ಅಸದ್ ಖಾನ್ ಆ ಕುದುರೆ ಕಿತ್ತುಕೊಂಡ. ಮತಾಂತರವಾದರೆ ಕುದುರೆಯ ಜೊತೆ ಹೊನ್ನೂ ಕೊಡುತ್ತೇನೆ ಎಂದ. ನಿಕಿತಿನ್‌ಗೆ ಸಾಕ್ಷಿಯೂ ಇರಲಿಲ್ಲ, ರಹದಾರಿಯೂ ಇರಲಿಲ್ಲ. ಖೊರಾಸಾನಿನ ಖ್ವಾಜಾ ಮಹಮ್ಮದ್ ಎಂಬ ಗಣ್ಯ ಅಲ್ಲಿಗೆ ಬಂದವನು ಖಾನನೊಂದಿಗೆ ಮಾತಾಡಿ ಕುದುರೆ ಬಿಡಿಸಿಕೊಟ್ಟ. ನಿಕಿತಿನ್ ಆ ಕುದುರೆಯನ್ನು ಬೀದರಿಗೆ ತಂದು ಮಾರಿದ. ಆ ಗಣ್ಯ ಬಾರದಿದ್ದರೆ ಆ ವ್ಯಾಜ್ಯ ಜುನ್ನರಿನಲ್ಲೇ ಮುಗಿಯುತ್ತಿತ್ತು.

ಸಾಕ್ಷಿಯ ಹೇಳಿಕೆ ರಾಶಿ ಮಾಡದ ತೊಗರಿಯಂತೆ. ನ್ಯಾಯಾಲಯ ತನಗೆ ಬೇಕಾದ ಕಾಳು ಆರಿಸಿಕೊಂಡು ತೀರ್ಪು ಕೊಡುತ್ತದೆ, ಉಳಿದದ್ದನ್ನು ಹೊಟ್ಟು ಎನ್ನುತ್ತದೆ. ಚರಿತ್ರೆ ಬರೆಯುವವರು ಈಗ ಆ ಹೊಟ್ಟನ್ನೇ ಮತ್ತೆ ತೂರುತ್ತಿದ್ದಾರೆ. ಟೊಪ್ಪಿಗೆ ಕೊಟ್ಟು ಇಳಿದವನು, ಗುರುತು ಹಾಕಿದ ದೋಣಿಯವನು, ಹೆಸರಿಲ್ಲದ ದ್ವೀಪವಾಸಿ ಎಲ್ಲರೂ ಸಿಗುವುದು ಅಲ್ಲೇ. ಪ್ರಶ್ನೆಪಟ್ಟಿಗೆ ಬೇಡವಾದದ್ದನ್ನೂ ಸಾಕ್ಷಿ ಹೇಳಿಬಿಟ್ಟಿರುತ್ತಾನೆ, ಬರೆಯುವವನು ಬರೆದುಬಿಟ್ಟಿರುತ್ತಾನೆ.

ನಮ್ಮ ಕಾಯ್ದೆ ಎಲ್ಲಿ ನಿಂತಿದೆ?

ಭಾರತಕ್ಕೆ 1872ರಲ್ಲಿ ಸಾಕ್ಷ್ಯ ಕಾಯ್ದೆ ಬರೆದುಕೊಟ್ಟವನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಇಂತಿಷ್ಟೇ ಸಾಕ್ಷಿ ಬೇಕು ಎಂಬ ಲೆಕ್ಕವನ್ನು ಅದು 134ನೆಯ ಕಲಮಿನಲ್ಲಿ ಕೈಬಿಟ್ಟಿತು. ಮೂವರು ಬೇಕೆಂಬ ಕಲ್ಯಾಣದ ಮಾತು ಅಲ್ಲಿಗೆ ಹೋಯಿತು. 133ನೆಯ ಕಲಮು ಓಲ್ಡ್ ಬೈಲಿಯ ಹಾದಿ ಹಿಡಿಯಿತು: ಸಹ ಅಪರಾಧಿ ಯೋಗ್ಯ ಸಾಕ್ಷಿ, ಬೇರೆ ಪುಷ್ಟಿ ಇಲ್ಲದೆ ಅವನ ಮಾತಿನ ಮೇಲೆಯೇ ಶಿಕ್ಷೆ ಕೊಟ್ಟರೂ ಅಷ್ಟಕ್ಕೇ ಅದು ಕಾನೂನುಬಾಹಿರವಾಗದು. ಅದೇ ಕಾಯ್ದೆಯ 114ನೆಯ ಕಲಮಿನ ಉದಾಹರಣೆ ಮಾತ್ರ, ಮುಖ್ಯ ಅಂಶಗಳಲ್ಲಿ ಪುಷ್ಟಿ ಸಿಗದ ಹೊರತು ಸಹ ಅಪರಾಧಿ ನಂಬಿಕೆಗೆ ಅರ್ಹನಲ್ಲ ಎಂದು ನ್ಯಾಯಾಲಯ ಊಹಿಸಬಹುದು ಎಂದಿತು. ಒಂದು ಕಲಮು ಬಾಗಿಲು ತೆರೆದರೆ ಇನ್ನೊಂದು ಅಲ್ಲಿ ಕಾವಲು ನಿಂತಿತು. ಪುಷ್ಟಿ ಹುಡುಕಬೇಕೆಂಬ ಎಚ್ಚರ ನಮ್ಮ ನ್ಯಾಯಾಲಯಗಳಲ್ಲಿ ರೂಢಿಯಾಗಿ ಬೆಳೆದದ್ದು ಹೀಗೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮ ಈ ಜಾಗದಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ಮಾಡಿದೆ. ಅದರ 138ನೆಯ ಕಲಮಿನಲ್ಲಿ ಸಹ ಅಪರಾಧಿ ಯೋಗ್ಯ ಸಾಕ್ಷಿಯೇ. ಆದರೆ ಹಳೆಯ ಕಲಮು ಪುಷ್ಟಿಯಿಲ್ಲದ ಮಾತಿಗೆ ಕೊಟ್ಟಿದ್ದ ರಕ್ಷಣೆಯನ್ನು ಹೊಸದು ಪುಷ್ಟಿ ಪಡೆದ ಮಾತಿಗೆ ಕೊಟ್ಟಿದೆ. ಬಹಳ ಮಂದಿ ಗಮನಿಸದ ಈ ತಿದ್ದುಪಡಿಯಿಂದ ಬ್ರಾಡಿನ್‌ಹ್ಯಾಮ್, ಪಾಮರ್‌ರಂಥವರು ಇಂದು ಹುಮನಾಬಾದಿನ ಕಟಕಟೆ ಹತ್ತಿದರೂ ಅವರ ಮಾತಿನ ಜೊತೆಗೆ ಕಾಗದವನ್ನೋ, ಇನ್ನೊಬ್ಬರ ಮಾತನ್ನೋ ಸರ್ಕಾರಿ ವಕೀಲರು ತರಬೇಕಾಗುತ್ತದೆ. ಜೊತೆಗಾರನ ಮಾತಿಗೆ ಬಾಗಿಲನ್ನೇ ಮುಚ್ಚಿದ್ದ ವಿಜ್ಞಾನೇಶ್ವರನಷ್ಟು ಬಿಗಿ ಇದಲ್ಲ; ಕಿಡ್‌ನನ್ನು ಗಲ್ಲಿಗೇರಿಸಿದ ಲಂಡನ್ನಿನಷ್ಟು ಸಡಿಲವೂ ಅಲ್ಲ. ಯಾರನ್ನು ಒಳಗೆ ಬಿಡಬೇಕು ಎಂಬುದನ್ನು ಕಾಯ್ದೆ ಹೀಗೆ ಒಂದು ಮಟ್ಟಕ್ಕೆ ತೀರ್ಮಾನಿಸಿಕೊಂಡಿದೆ. ಯಾರನ್ನು ಕರೆಯಬೇಕು, ಏನು ಕೇಳಬೇಕು ಎಂಬುದನ್ನು ಮಾತ್ರ ಯಾವ ಕಲಮೂ ಹೇಳಿಕೊಡುವುದಿಲ್ಲ. ಅದು ಕೇಳುವವರ ಹೊಣೆ.